ಧರ್ಮಗುರುವಿನ ಬದುಕನ್ನು ಹೆಣ್ಣೊಬ್ಬಳು ಬರೆಯಲು ಹೊರಟರೆ

ಬೆಂಗಳೂರಿನಲ್ಲಿ ಗುರುಗಳ ಜೀವನಚರಿತ್ರೆಗೆ ಬರ ಇಲ್ಲ. ಯಾವ ಆಶ್ರಮಕ್ಕೆ ಹೋದರೂ ಚಪ್ಪಲಿ ಬಿಡುವ ಜಾಗ ದಾಟಿದ ಕೂಡಲೇ ಪುಸ್ತಕದ ಕೌಂಟರ್ ಸಿಗುತ್ತದೆ. ಮೂಲ ಗುರುಗಳ ಚರಿತ್ರೆ ಅಲ್ಲಿ ಕನ್ನಡ, ಇಂಗ್ಲಿಷ್, ತೆಲುಗು, ಹಿಂದಿಯಲ್ಲಿ ಇರುತ್ತದೆ. ಮಕ್ಕಳಿಗೆ ಚಿತ್ರಕಥೆ ಬೇರೆ. ಇವುಗಳ ಬಗ್ಗೆ ನನಗೆ ತಕರಾರಿಲ್ಲ. ತಮ್ಮ ಗುರುವಿನ ಕಥೆಯನ್ನು ಭಕ್ತರು ಭಕ್ತಿಯಿಂದಲೇ ಹೇಳುತ್ತಾರೆ, ಅದು ಸಹಜ. ಆದರೆ ಅದೇ ಗುರುವಿನ ಬಗ್ಗೆ ಹೊರಗಿನವರೊಬ್ಬರು ಕಾಗದಪತ್ರ ಹುಡುಕಿ, ಸಾಕ್ಷಿ ಕೇಳಿ, ಒಂದಕ್ಕೊಂದು ತಾಳೆ ನೋಡಿ ಬರೆದ ಪುಸ್ತಕ ಇದೆಯಾ ಅಂತ ಕೇಳಿ ನೋಡಿ. ಕಳೆದ ನೂರು ವರ್ಷಗಳಲ್ಲಿ ಹುಟ್ಟಿದ ಪಂಥಗಳ ವಿಷಯದಲ್ಲಂತೂ ಕನ್ನಡದಲ್ಲಿ ಅಂಥದ್ದು ಸಿಗುವುದೇ ಅಪರೂಪ.

ಯಾಕೆ ಹೀಗೆ? ಕೇಸು, ಗಲಾಟೆ, ಬೆದರಿಕೆ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಅದಕ್ಕಿಂತ ಮೊದಲೇ ಎರಡು ತಡೆಗಳಿವೆ. ಕಾಗದಪತ್ರ ಯಾರ ಹತ್ತಿರ ಇದೆ ಅನ್ನೋದು ಒಂದು. ಗುರುವಿನ ಬದುಕಿನಲ್ಲಿದ್ದ ಹೆಂಗಸರ ಬಗ್ಗೆ ಯಾರು ಕೇಳಬಹುದು ಅನ್ನೋದು ಇನ್ನೊಂದು. ಬರೆಯುವವಳು ಹೆಣ್ಣಾದರೆ ಈ ಎರಡೂ ಒಟ್ಟಿಗೇ ಎದುರಾಗುತ್ತವೆ.

ನನ್ನ ಪರಿಚಯದ ಸಂಶೋಧಕಿಯೊಬ್ಬರು ಜಯನಗರದಲ್ಲಿದ್ದಾರೆ. ನಗರದ ಹೊರವಲಯದ ಒಂದು ಆಶ್ರಮದ ಸ್ಥಾಪಕರ ಬದುಕಿನ ಮೇಲೆ ಕೆಲಸ ಮಾಡುತ್ತಿದ್ದಾರೆ. ಆಶ್ರಮದ ಹೆಸರು ಇಲ್ಲಿ ಬೇಡ. ಮೊದಲ ಭೇಟಿಯಲ್ಲಿ ಟ್ರಸ್ಟಿನ ಹಿರಿಯರು ಕೇಳಿದ್ದು "ಯಜಮಾನರು ಏನು ಮಾಡ್ತಾರೆ? ಇದಕ್ಕೆ ಮನೇಲಿ ಒಪ್ಪಿದಾರಾ?" ಅಂತ. ಏನು ಬರೆಯುತ್ತೀರಿ ಅನ್ನೋ ಪ್ರಶ್ನೆ ಆಮೇಲೆ ಬಂತು. ಕಾಫಿ ಕೊಟ್ಟರು, ಪ್ರಸಾದ ಕೊಟ್ಟರು, ಅಚ್ಚಾದ ಚರಿತ್ರೆಯ ಒಂದು ಪ್ರತಿ ಕೊಟ್ಟರು. ಗುರುಗಳ ಡೈರಿ ನೋಡಬಹುದಾ ಅಂದಾಗ "ಎಲ್ಲಾ ಇದರಲ್ಲೇ ಇದೆಯಲ್ಲಮ್ಮ" ಅಂದರು. ಪೂರ್ವಾಶ್ರಮದ ಹೆಂಡತಿಯ ಬಗ್ಗೆ ಕೇಳಿದಾಗ ಮಾತು ಅಲ್ಲಿಗೇ ನಿಂತಿತು. ಅಚ್ಚಾದ ಚರಿತ್ರೆಯಲ್ಲಿ ಆ ಹೆಂಗಸಿಗೆ ಸಿಕ್ಕಿರುವುದು ಒಂದೂವರೆ ಸಾಲು. ಸಾಧ್ವಿಯಾದ ಪತ್ನಿ ಸಂತೋಷದಿಂದ ಒಪ್ಪಿಗೆ ಕೊಟ್ಟರು ಅಂತ ಮಾತ್ರ ಇದೆ. ಹೆಸರೂ ಇಲ್ಲ.

ಈ ಒಂದೂವರೆ ಸಾಲನ್ನು ಬಿಡಿಸಲು ಹೋದರೆ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ ಫಾನ್ ಬ್ರೋಡಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಈಕೆ 1915ರಲ್ಲಿ ಯೂಟಾ ರಾಜ್ಯದ ಮಾರ್ಮನ್ (ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥ) ಮನೆತನದಲ್ಲಿ ಹುಟ್ಟಿದವರು. ಸಣ್ಣ ಮನೆತನವಲ್ಲ. ಚಿಕ್ಕಪ್ಪ, ದೊಡ್ಡಪ್ಪಂದಿರಲ್ಲೊಬ್ಬರಾದ ಡೇವಿಡ್ ಮೆಕೆ ಆ ಚರ್ಚಿನ ಅತಿ ಹಿರಿಯ ನಾಯಕರಲ್ಲಿ ಒಬ್ಬರು, ಮುಂದೆ 1951ರಲ್ಲಿ ಅಧ್ಯಕ್ಷರೇ ಆದರು. ಬ್ರೋಡಿ ಓದಿದ್ದು ಇಂಗ್ಲಿಷ್ ಸಾಹಿತ್ಯ, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಎಂ.ಎ. ಇತಿಹಾಸದ ಪದವಿ ಇರಲಿಲ್ಲ. ಆದರೂ ಅವರು ಕೈ ಹಾಕಿದ್ದು ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನ ಬದುಕಿಗೆ.

ಸ್ಮಿತ್ ಹುಟ್ಟಿದ್ದು 1805ರಲ್ಲಿ, ವರ್ಮಾಂಟ್‌ನ ರೈತರ ಮನೆಯಲ್ಲಿ. ದೇವದೂತ ತೋರಿಸಿದ ಚಿನ್ನದ ಹಲಗೆಗಳಿಂದ ಒಂದು ಧರ್ಮಗ್ರಂಥವನ್ನು ಅನುವಾದಿಸಿದೆ ಅಂತ ಹೇಳಿ 1830ರಲ್ಲಿ ಅದನ್ನು ಅಚ್ಚು ಹಾಕಿಸಿದ. ಅದೇ ವರ್ಷ ಚರ್ಚ್ ಕಟ್ಟಿದ. 1844ರ ಜೂನ್‌ನಲ್ಲಿ ಇಲಿನಾಯ್ ರಾಜ್ಯದ ಜೈಲಿಗೆ ನುಗ್ಗಿದ ಗುಂಪು ಅವನನ್ನು ಗುಂಡಿಟ್ಟು ಕೊಂದಿತು. ಆಗ ಅವನಿಗೆ 38 ವರ್ಷ. ಸಾಯುವ ಕೆಲವೇ ವಾರ ಮೊದಲು ಒಂದು ಪ್ರವಚನದಲ್ಲಿ ನನ್ನ ಚರಿತ್ರೆ ಯಾರಿಗೂ ಗೊತ್ತಿಲ್ಲ ಅಂತ ಅವನೇ ಹೇಳಿದ್ದ. ಬ್ರೋಡಿ ಆ ಮಾತನ್ನೇ ತಮ್ಮ ಪುಸ್ತಕದ ಹೆಸರು ಮಾಡಿಕೊಂಡರು. ಪುಸ್ತಕ 1945ರ ನವೆಂಬರ್‌ನಲ್ಲಿ ಬಂತು.

ಅದರಲ್ಲಿ ಜನರನ್ನು ಕೆರಳಿಸಿದ ಸಂಗತಿಗಳು ಹಲವು. ಎರಡನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲನೆಯದು 1826ರ ಒಂದು ಕೋರ್ಟ್ ವಿಚಾರಣೆ. ಸ್ಮಿತ್ ಯುವಕನಾಗಿದ್ದಾಗ ಮಾಯದ ಕಲ್ಲಿನಲ್ಲಿ ನೋಡಿ ಹೂತಿಟ್ಟ ನಿಧಿ ತೋರಿಸುತ್ತೇನೆ ಅಂತ ಕೆಲಸ ಮಾಡುತ್ತಿದ್ದ, ಅದಕ್ಕಾಗಿ ಅವನನ್ನು ನ್ಯೂಯಾರ್ಕ್ ರಾಜ್ಯದ ಒಬ್ಬ ಸ್ಥಳೀಯ ನ್ಯಾಯಾಧೀಶನ ಮುಂದೆ ನಿಲ್ಲಿಸಿದ್ದರು ಅನ್ನೋ ಸಂಗತಿ. ಬ್ರೋಡಿ ಆ ವಿಚಾರಣೆಯ ಅಚ್ಚಾದ ಪಾಠವನ್ನು ಪುಸ್ತಕದ ಕೊನೆಗೆ ಸೇರಿಸಿದ್ದರು. ಚರ್ಚಿನ ಪರ ಇದ್ದ ವಿದ್ವಾಂಸರು ಇದು ನಂಬುವಂಥದ್ದಲ್ಲ ಅಂದರು. ಮೂಲ ಕಾಗದ ಎಲ್ಲಿದೆ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಇಪ್ಪತ್ತೈದು ವರ್ಷ ಕಳೆಯಿತು. 1971ರಲ್ಲಿ ಆ ಜಿಲ್ಲೆಯ ಹಳೆಯ ಕಾಗದಗಳ ಗಂಟುಗಳಲ್ಲಿ ನ್ಯಾಯಾಧೀಶ ಬರೆದ ಬಿಲ್ ಸಿಕ್ಕಿತು. ಜೋಸೆಫ್ ಸ್ಮಿತ್ ಅನ್ನೋ ಹೆಸರು, 1826ರ ಮಾರ್ಚ್ 20ರ ತಾರೀಖು, ಗಾಜಿನಲ್ಲಿ ನೋಡಿ ಹೇಳುವವನು ಅನ್ನೋ ವಿವರ, ವಿಚಾರಣೆಯ ಶುಲ್ಕ 2 ಡಾಲರ್ 68 ಸೆಂಟ್. ಅಷ್ಟೇ ಇರುವುದು. ಒಂದು ಧರ್ಮದ ಸ್ಥಾಪಕನ ಬಗ್ಗೆ ಅಷ್ಟು ವರ್ಷ ನಡೆದ ಜಗಳದಲ್ಲಿ ತೂಕ ಬದಲಿಸಿದ್ದು ಒಂದು ಖರ್ಚಿನ ಚೀಟಿ. ಗಮನಿಸಿ, ಆ ಚೀಟಿ ಇದ್ದದ್ದು ಸರ್ಕಾರದ ಕಡತದಲ್ಲಿ. ಚರ್ಚಿನ ಕಪಾಟಿನಲ್ಲಿ ಇದ್ದಿದ್ದರೆ ಹೊರಗೆ ಬರುತ್ತಿತ್ತಾ, ಯಾವಾಗ ಬರುತ್ತಿತ್ತು ಅಂತ ಹೇಳುವುದು ಕಷ್ಟ.

ಎರಡನೆಯದು ಹೆಂಡತಿಯರ ಪಟ್ಟಿ. ಸ್ಮಿತ್ ಗುಟ್ಟಾಗಿ ಬಹುಪತ್ನಿತ್ವ ನಡೆಸಿದ್ದ. ಅವನ ಮೊದಲ ಹೆಂಡತಿ ಎಮ್ಮಾ ಕೊನೆಯವರೆಗೂ ಅಂಥದ್ದು ನಡೆದೇ ಇಲ್ಲ ಅಂದಳು. ಆದರೆ ಉಳಿದ ಹೆಂಗಸರು ಸುಮ್ಮನಿರಲಿಲ್ಲ. 1869ರ ಸುಮಾರಿಗೆ ಅವರಲ್ಲಿ ಹಲವರು ಪ್ರಮಾಣಪತ್ರ ಬರೆದುಕೊಟ್ಟಿದ್ದರು. 1887ರಲ್ಲಿ ಆಂಡ್ರ್ಯೂ ಜೆನ್ಸನ್ ಅನ್ನೋ ಮಾರ್ಮನ್ ಇತಿಹಾಸಕಾರನೇ 27 ಹೆಸರು ಪ್ರಕಟಿಸಿದ್ದ. ಬ್ರೋಡಿ ಅದನ್ನು 48ಕ್ಕೆ ಒಯ್ದರು. ಒಬ್ಬೊಬ್ಬ ಹೆಂಗಸಿನ ಹೆಸರು, ಮದುವೆಯ ಕಾಲ, ಸಿಕ್ಕಷ್ಟು ಸಾಕ್ಷಿ ಎಲ್ಲವನ್ನೂ ಕೊಟ್ಟರು. ಅವರಿಗಿಂತ ಮೊದಲು ಸ್ಮಿತ್‌ನ ಬಗ್ಗೆ ಬರೆದ ಗಂಡಸರು ಬಹಳ ಜನ. ಪರವಾಗಿ ಬರೆದವರಲ್ಲಿ ಹೆಚ್ಚಿನವರು ಈ ಹೆಂಗಸರನ್ನು ಮುಚ್ಚಿಟ್ಟರು. ವಿರೋಧವಾಗಿ ಬರೆದವರು ಅವರನ್ನು ಬೈಗುಳಕ್ಕೆ ಬಳಸಿಕೊಂಡರು. ಬ್ರೋಡಿ ಅವರನ್ನು ಒಬ್ಬೊಬ್ಬರಾಗಿ ಎಣಿಸಿದರು. ಆ ಪುಸ್ತಕದ ದೊಡ್ಡ ಕೆಲಸ ಇದೇ ಅಂತ ನನ್ನ ಅಭಿಪ್ರಾಯ.

ಪ್ರತಿಕ್ರಿಯೆ ಹೇಗಿತ್ತು? 1946ರಲ್ಲಿ ಚರ್ಚ್ ಅವರನ್ನು ಹೊರಹಾಕಿತು. ಅದೇ ವರ್ಷ ಹ್ಯೂ ನಿಬ್ಲಿ ಅನ್ನೋ ಮಾರ್ಮನ್ ವಿದ್ವಾಂಸರು ಒಂದು ಖಂಡನೆಯ ಕಿರುಪುಸ್ತಕ ಬರೆದರು. ಅದರ ಹೆಸರು "ಇಲ್ಲ ಮೇಡಂ, ಅದು ಇತಿಹಾಸ ಅಲ್ಲ" ಅಂತ. ಇದೇ ಪುಸ್ತಕವನ್ನು ಗಂಡಸು ಬರೆದಿದ್ದರೆ ಆ ಸಂಬೋಧನೆ ಹೊದಿಕೆಯ ಮೇಲೆ ಇರುತ್ತಿರಲಿಲ್ಲ. ಜಯನಗರದ ನನ್ನ ಪರಿಚಯದವರಿಗೆ ಸಿಕ್ಕ "ಅಮ್ಮ" ಅನ್ನೋ ಮಾತಿನ ದನಿ ಇದರಿಂದ ಬಹಳ ದೂರ ಇಲ್ಲ.

ಬ್ರೋಡಿ ಹೇಳಿದ್ದೆಲ್ಲ ಸರಿ ಅಂತಲ್ಲ. ಸ್ಮಿತ್‌ನ ಮನಸ್ಸಿನೊಳಗೆ ಏನಿತ್ತು ಅಂತ ಅವರು ಸಾಕ್ಷಿ ಇಲ್ಲದ ಕಡೆಯೂ ಬರೆದರು. 48 ಹೆಸರುಗಳಲ್ಲಿ ಎಲ್ಲವೂ ನಿಲ್ಲಲಿಲ್ಲ. ಇಂಥಿಂಥ ಮಕ್ಕಳು ಅವನವೇ ಇರಬಹುದು ಅಂತ ಮಾಡಿದ್ದ ಊಹೆಗಳಲ್ಲಿ ಹಲವನ್ನು ಇತ್ತೀಚಿನ ಡಿಎನ್‌ಎ ಪರೀಕ್ಷೆಗಳು ತಳ್ಳಿಹಾಕಿವೆ. ಒಪ್ಪಬೇಕಾದದ್ದೇ. ಆದರೆ ಮುಂದೆ ಏನಾಯಿತು ನೋಡಿ. ಅದೇ ಚರ್ಚ್ 2008ರಲ್ಲಿ ಸ್ಮಿತ್‌ನ ಕಾಗದಪತ್ರಗಳನ್ನು ಒಂದೊಂದಾಗಿ ಸಂಪಾದಿಸಿ ಪ್ರಕಟಿಸಲು ಶುರು ಮಾಡಿತು. 2023ರಲ್ಲಿ 27 ಸಂಪುಟಗಳೊಂದಿಗೆ ಆ ಕೆಲಸ ಮುಗಿಯಿತು. ಮೂಲ ಹಾಳೆಗಳ ಚಿತ್ರಗಳನ್ನು ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ನೋಡಬಹುದು, ದುಡ್ಡು ಕೊಡಬೇಕಿಲ್ಲ. 2014ರಲ್ಲಿ ಚರ್ಚ್ ತಾನೇ ಒಂದು ಬರಹ ಹಾಕಿ ಸ್ಮಿತ್‌ನ ಬಹುಪತ್ನಿತ್ವವನ್ನು ಒಪ್ಪಿತು. ಎಚ್ಚರದ ಅಂದಾಜಿನ ಪ್ರಕಾರ ಹೆಂಡತಿಯರ ಸಂಖ್ಯೆ 30ರಿಂದ 40ರ ನಡುವೆ ಅಂತ ಹೇಳಿತು. 2015ರಲ್ಲಿ ಆ ಮಾಯದ ಕಲ್ಲಿನ ಫೋಟೋವನ್ನೂ ಪ್ರಕಟಿಸಿತು. ಬ್ರೋಡಿ 1981ರಲ್ಲೇ ತೀರಿಕೊಂಡಿದ್ದರು.

ಇದರಿಂದ ಧರ್ಮ ಮುಳುಗಿಹೋಯಿತಾ? ಕೆಲವರು ನೊಂದು ಬಿಟ್ಟುಹೋದರು, ಅದು ಸಣ್ಣ ನೋವಲ್ಲ. ಆದರೆ ಬ್ರೋಡಿಯ ಪುಸ್ತಕ ಬಂದ ಕಾಲಕ್ಕೆ ಹತ್ತು ಲಕ್ಷವೂ ಇರದ ಸದಸ್ಯರ ಸಂಖ್ಯೆ 2023ರ ಕೊನೆಗೆ ಚರ್ಚಿನದೇ ಲೆಕ್ಕದಲ್ಲಿ 1 ಕೋಟಿ 72 ಲಕ್ಷ. ಜೀವನಚರಿತ್ರೆಯೊಂದು ಪಂಥವನ್ನು ಕೊಲ್ಲುತ್ತದೆ ಅನ್ನೋ ಭಯಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಕನ್ನಡದಲ್ಲಿ ಧರ್ಮಸ್ಥಾಪಕರ ಬದುಕಿನ ಚರ್ಚೆ ಅಂದರೆ ಮೊದಲು ನೆನಪಾಗುವುದು ಬಸವಣ್ಣನವರು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರನ್ನು ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು. ಆಧುನಿಕ ಆಶ್ರಮದ ಸ್ಥಾಪಕರ ಜೊತೆ ಅವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿಲ್ಲ. ಆದರೆ ಅವರ ಬದುಕಿನ ಸುತ್ತ ಎದ್ದ ವಿವಾದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. 1989ರಲ್ಲಿ ಎಂ.ಎಂ. ಕಲಬುರ್ಗಿಯವರ ಬರಹದ ಮೇಲೆ ಎದ್ದ ಗಲಾಟೆ ಬಸವಣ್ಣನವರ ಹೆಂಡತಿ ನೀಲಾಂಬಿಕೆಯ ವಚನಗಳ ವ್ಯಾಖ್ಯಾನ ಮತ್ತು ಚನ್ನಬಸವಣ್ಣನವರ ಹುಟ್ಟಿನ ವಿಚಾರಕ್ಕೆ ಸಂಬಂಧಿಸಿದ್ದು. ಒತ್ತಡಕ್ಕೆ ಸಿಕ್ಕಿ ಅವರು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಂಡರು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಅದು ನನ್ನ ಬೌದ್ಧಿಕ ಆತ್ಮಹತ್ಯೆ ಅಂತ ಆಮೇಲೆ ಹೇಳಿಕೊಂಡರು. (2015ರ ಆಗಸ್ಟ್ 30ರಂದು ಧಾರವಾಡದಲ್ಲಿ ನಡೆದ ಅವರ ಕೊಲೆಯ ವಿಚಾರಣೆ ಬೇರೆ ದಾರಿಯದು. ಅದನ್ನು ಇದಕ್ಕೆ ಗಂಟು ಹಾಕುತ್ತಿಲ್ಲ.) 1997ರಲ್ಲಿ ಸರ್ಕಾರ ಮುಟ್ಟುಗೋಲು ಹಾಕಿದ ಪಿ.ವಿ. ನಾರಾಯಣ ಅವರ "ಧರ್ಮಕಾರಣ" ಕಾದಂಬರಿಯ ವಿವಾದ ಬಸವಣ್ಣನವರ ಅಕ್ಕ ನಾಗಮ್ಮನ ಚಿತ್ರಣದ ಸುತ್ತ. 2007ರಲ್ಲಿ ಸುಪ್ರೀಂ ಕೋರ್ಟ್ ಆ ಮುಟ್ಟುಗೋಲನ್ನು ಎತ್ತಿಹಿಡಿಯಿತು.

ಹೆಂಡತಿ ಮತ್ತು ಅಕ್ಕ. ತತ್ವದ ಬಗ್ಗೆ, ವಚನದ ಅರ್ಥದ ಬಗ್ಗೆ ಎಷ್ಟು ಜಗಳ ಬೇಕಾದರೂ ಆಡಬಹುದು, ನಮ್ಮಲ್ಲಿ ಆಡಿದ್ದಾರೆ ಕೂಡ. ಮನೆಯ ಹೆಂಗಸರ ಹತ್ತಿರ ಬಂದ ಕೂಡಲೇ ಬೆಂಕಿ ಹತ್ತಿಕೊಳ್ಳುತ್ತದೆ. ಪುಸ್ತಕಗಳ ಸರಿತಪ್ಪು ಬೇರೆ ಚರ್ಚೆ. ಬರೆದವರು ಇಬ್ಬರೂ ಗಂಡಸರು ಅನ್ನೋದನ್ನೂ ಮರೆಯಬಾರದು. ನೀಲಾಂಬಿಕೆ, ನಾಗಮ್ಮ ಇಬ್ಬರೂ ಸ್ವತಃ ವಚನ ಬರೆದವರು. ಕಲ್ಯಾಣದ ಕ್ರಾಂತಿಯನ್ನು ಕಣ್ಣಾರೆ ಕಂಡವರು. ಅವರ ಬದುಕನ್ನು ಬಸವಣ್ಣನವರ ಮಾನದ ಪ್ರಶ್ನೆಯಾಗಿ ನೋಡದೆ, ಅವರದೇ ಬದುಕಾಗಿ ನೋಡಿ ಬರೆಯುವ ಸಂಶೋಧಕಿಗೆ ಈ ಹಳೆಯ ಕೇಸುಗಳ ನೆರಳು ಮೊದಲ ದಿನದಿಂದಲೇ ಬೀಳುತ್ತದೆ.

ಇನ್ನೊಂದು ಪ್ರಕರಣವನ್ನೂ ಹೇಳಬೇಕು, ಯಾಕೆಂದರೆ ಅದು ಲೆಕ್ಕವನ್ನು ಸ್ವಲ್ಪ ಜಟಿಲ ಮಾಡುತ್ತದೆ. ಮಾತೆ ಮಹಾದೇವಿ ಬಸವಣ್ಣನವರ ಪರಮ ಭಕ್ತೆ, ಸ್ವತಃ ಪೀಠದ ಮೇಲೆ ಕೂತ ಹೆಣ್ಣುಮಗಳು. ಅವರು ಸಂಪಾದಿಸಿದ ವಚನಗಳಲ್ಲಿ ಕೂಡಲಸಂಗಮದೇವ ಅನ್ನೋ ಅಂಕಿತವನ್ನು ಲಿಂಗದೇವ ಅಂತ ಬದಲಿಸಿದರು. 1998ರಲ್ಲಿ ಸರ್ಕಾರ ಆ ಪುಸ್ತಕವನ್ನೂ ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಉಳಿಸಿತು. ಅಂಕಿತ ಬದಲಿಸಿದ್ದು ತಪ್ಪು ಅಂತಲೇ ನಾನು ಭಾವಿಸುತ್ತೇನೆ. ಆದರೆ ತಪ್ಪು ಸಂಪಾದನೆಗೆ ಮದ್ದು ಸರಿಯಾದ ಸಂಪಾದನೆ. ಮುಟ್ಟುಗೋಲಿನ ಕಾನೂನು ಭಕ್ತರನ್ನೂ ಬಿಡುವುದಿಲ್ಲ ಅನ್ನೋದು ಇದರಿಂದ ಗೊತ್ತಾಗುತ್ತದೆ.

ಕಾನೂನು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ನೋಡೋಣ. ಧಾರ್ಮಿಕ ಭಾವನೆಗೆ ಧಕ್ಕೆ ತರುವುದರ ವಿರುದ್ಧದ, ದಂಡ ಸಂಹಿತೆಯ ಕಲಂ 295ಎ ಬಂದದ್ದು 1927ರಲ್ಲಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 299. ಶಿಕ್ಷೆ ಮೂರು ವರ್ಷದವರೆಗೆ. ಸುಮ್ನೆ ಯಾರಿಗೋ ಬೇಜಾರಾದರೆ ಸಾಲದು, ಬೇಕಂತಲೇ, ದುರುದ್ದೇಶದಿಂದ ಅವಮಾನ ಮಾಡಿರಬೇಕು. ಕೋರ್ಟ್ ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಸರ್ಕಾರದ ಅನುಮತಿಯೂ ಬೇಕು. ಕಾಗದದ ಮೇಲೆ ಇದು ಒಳ್ಳೆಯ ರಕ್ಷಣೆ. ತೊಂದರೆ ಇರುವುದು ಅದಕ್ಕೂ ಮುಂಚೆ. ಎಫ್‌ಐಆರ್ ಹಾಕಲು ಆ ಅನುಮತಿ ಬೇಡ. ಸ್ಟೇಷನ್ನಿಗೆ ಕರೆಸಬಹುದು, ಫೋನು, ಲ್ಯಾಪ್‌ಟಾಪ್ ತೆಗೆದುಕೊಳ್ಳಬಹುದು. ವರ್ಷಗಟ್ಟಲೆ ಸಂದರ್ಶನ ಮಾಡಿದವಳಿಗೆ ಲ್ಯಾಪ್‌ಟಾಪ್ ಹೋಗುವುದು ಅಂದರೆ ಗುಟ್ಟಾಗಿ ಮಾತಾಡಿದ ಸಾಕ್ಷಿಗಳ ಹೆಸರು ಹೋದಂತೆ. ಆಮೇಲೆ ಖುಲಾಸೆ ಆದರೂ ಆ ಸಾಕ್ಷಿಗಳು ಮತ್ತೆ ಬಾಯಿ ಬಿಡುವುದಿಲ್ಲ.

ಸತ್ತವರ ಮಾನಹಾನಿಯ ಕೇಸೂ ಉಂಟು. ಅದೇ ನ್ಯಾಯ ಸಂಹಿತೆಯ ಕಲಂ 356ರ ವಿವರಣೆಯ ಪ್ರಕಾರ, ತೀರಿಹೋದವರ ಬಗ್ಗೆ ಬರೆದದ್ದು ಅವರ ಕುಟುಂಬದವರ ಅಥವಾ ಹತ್ತಿರದ ನೆಂಟರ ಮನಸ್ಸು ನೋಯಿಸುವ ಉದ್ದೇಶದ್ದಾಗಿದ್ದರೆ ಅದು ಮಾನಹಾನಿ ಆಗಬಹುದು. ಕಾನೂನು ಹೇಳುವುದು ಕುಟುಂಬ, ನೆಂಟರು ಅಂತ. ಶಿಷ್ಯರ ಹೆಸರು ಅಲ್ಲಿಲ್ಲ. ಇದನ್ನು ಬರೆಯುವವರು, ಪ್ರಕಾಶಕರು ತಿಳಿದಿರಬೇಕು.

ಇವೆಲ್ಲಕ್ಕಿಂತ ಜಾಸ್ತಿ ಪುಸ್ತಕಗಳನ್ನು ನಿಲ್ಲಿಸುವುದು ಸಿವಿಲ್ ಕೋರ್ಟಿನ ತಾತ್ಕಾಲಿಕ ತಡೆಯಾಜ್ಞೆ. ಪತ್ರಕರ್ತೆ ಪ್ರಿಯಾಂಕಾ ಪಾಠಕ್ ನಾರಾಯಣ್ 2017ರಲ್ಲಿ ಬಾಬಾ ರಾಮದೇವ್ ಬದುಕಿನ ಬಗ್ಗೆ ಪುಸ್ತಕ ತಂದರು. ರಾಮದೇವ್ ಧರ್ಮಸ್ಥಾಪಕರಲ್ಲ, ಯೋಗ ಗುರು. ಆದರೆ ದಾರಿ ಅದೇ. ಪುಸ್ತಕ ಬಂದ ಮರು ತಿಂಗಳೇ ದೆಹಲಿಯ ಕೋರ್ಟೊಂದು ಲೇಖಕಿಯ, ಪ್ರಕಾಶಕರ ಮಾತು ಕೇಳದೆಯೇ ಮಾರಾಟ ನಿಲ್ಲಿಸಿತು. 2018ರ ಏಪ್ರಿಲ್‌ನಲ್ಲಿ ತಡೆ ತೆರವಾಯಿತು. ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಕೆಲವು ಭಾಗ ತೆಗೆಯದೆ ಪ್ರಕಟಿಸಬಾರದು ಅಂತ ಮತ್ತೆ ತಡೆಯಿತು. ಪೂರ್ತಿ ವಿಚಾರಣೆಗೆ ಮೊದಲೇ ಪ್ರಕಟಣೆ ತಡೆಯುವುದು ತೀರಾ ಅಪರೂಪದ ಸಂದರ್ಭದಲ್ಲಿ ಮಾತ್ರ ಆಗಬೇಕು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಹೇಳಿದೆ. ಬೆಂಗಳೂರಿನ ಕೋರ್ಟುಗಳಲ್ಲಿ ಈ ತೀರ್ಪನ್ನು ವಕೀಲರು ಮೊದಲ ದಿನವೇ ಮುಂದಿಡಬೇಕು. ಮೊದಲ ದಿನ ಬಿಟ್ಟರೆ ಪುಸ್ತಕದ ಆಯಸ್ಸು ಅಲ್ಲಿಗೇ ಹೋಗುತ್ತದೆ. ಕನ್ನಡದ ಸಣ್ಣ ಪ್ರಕಾಶಕರಿಗೆ ಒಂದು ವರ್ಷ ಗೋಡೌನಿನಲ್ಲಿ ಕೊಳೆತ ಪ್ರತಿಗಳ ನಷ್ಟ ತುಂಬಿಕೊಳ್ಳುವ ಶಕ್ತಿ ಇಲ್ಲ.

ಬಸವನಗುಡಿಯವರಿಗೆ ಈ ವಿಷಯದಲ್ಲಿ ಹತ್ತಿರದ ಎರಡು ನೆನಪುಗಳಿವೆ. ಒಂದು ಎಚ್. ನರಸಿಂಹಯ್ಯನವರದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು ಆಹ್ವಾನ ಕೊಟ್ಟರು. ಪರೀಕ್ಷೆ ನಡೆಯಲಿಲ್ಲ, ಆದರೆ ಪ್ರಶ್ನೆ ಊರ ಮುಂದೆ ಬಂತು. ಅಂದರೆ ಗುರುಗಳ ಪವಾಡದ ಬಗ್ಗೆ ಈ ಊರು ಅರ್ಧ ಶತಮಾನದಿಂದ ಬಹಿರಂಗವಾಗಿ ಮಾತಾಡಿದೆ. ಗುರುಗಳ ಬಾಲ್ಯ, ಸಂಸಾರ, ದುಡ್ಡು, ಶಿಷ್ಯೆಯರ ಬಗ್ಗೆ ಆ ಧೈರ್ಯ ಇನ್ನೂ ಬಂದಿಲ್ಲ.

ಇನ್ನೊಂದು ನೆನಪು ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್. 1945ರಲ್ಲಿ ಬಿ.ಪಿ. ವಾಡಿಯಾ, ಸೋಫಿಯಾ ವಾಡಿಯಾ ಕಟ್ಟಿದ್ದು. ಇಬ್ಬರೂ ಥಿಯೊಸಫಿಯವರು, ಅಂದರೆ ಎಲ್ಲ ಧರ್ಮಗಳ ಮೂಲದಲ್ಲಿ ಒಂದೇ ಜ್ಞಾನ ಇದೆ ಅನ್ನೋ ಪಂಥದವರು. ಆ ಪಂಥದ ಸ್ಥಾಪಕಿ ಹೆಲೆನಾ ಬ್ಲಾವಟ್‌ಸ್ಕಿಯ ಬದುಕು ವಿವಾದಗಳಿಂದಲೇ ತುಂಬಿದೆ. ಅಡ್ಯಾರಿನಲ್ಲಿ ಅವರ ಜೊತೆಗಿದ್ದ ಎಮ್ಮಾ ಕುಲೋಂಬ್, ಬ್ಲಾವಟ್‌ಸ್ಕಿಯೇ ಬರೆದದ್ದು, ಪವಾಡಗಳ ಮೋಸ ಇದರಲ್ಲಿದೆ ಅಂತ ಹೇಳಿ ಕೊಟ್ಟ ಪತ್ರಗಳು 1884ರಲ್ಲಿ ಮದ್ರಾಸಿನ ಒಂದು ಪತ್ರಿಕೆಯಲ್ಲಿ ಅಚ್ಚಾದವು. ಲಂಡನ್ನಿನಿಂದ ಬಂದ ರಿಚರ್ಡ್ ಹಾಡ್ಜ್‌ಸನ್ ತನಿಖೆ ಮಾಡಿದರು, 1885ರ ವರದಿ ಬ್ಲಾವಟ್‌ಸ್ಕಿಯನ್ನು ವಂಚಕಿ ಅಂತ ಕರೆಯಿತು. ನೂರು ವರ್ಷ ಕಳೆದ ಮೇಲೆ, 1986ರಲ್ಲಿ, ಕೈಬರಹದ ತಜ್ಞ ವರ್ನನ್ ಹ್ಯಾರಿಸನ್ ಆ ವರದಿ ಪಕ್ಷಪಾತದ್ದು, ನಂಬಲು ಯೋಗ್ಯವಲ್ಲ ಅಂದರು. ಇದೇ ಬದುಕಿನ ಬಗ್ಗೆ ಇಬ್ಬರು ಹೆಂಗಸರು ದೊಡ್ಡ ಪುಸ್ತಕ ಬರೆದಿದ್ದಾರೆ. 1980ರಲ್ಲಿ ಮೇರಿಯನ್ ಮೀಡ್ ಅನುಮಾನದ ಕಣ್ಣಿನಿಂದ ಬರೆದರು. 1993ರಲ್ಲಿ ಸಿಲ್ವಿಯಾ ಕ್ರಾನ್‌ಸ್ಟನ್ ಒಲವಿನಿಂದ ಬರೆದರು. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ಯಾರು ಯಾವ ಪತ್ರವನ್ನು ನಂಬಿದರು, ಯಾವುದನ್ನು ಬಿಟ್ಟರು ಅಂತ ಓದುಗನಿಗೇ ಗೊತ್ತಾಗುತ್ತದೆ. ಹೆಣ್ಣು ಬರೆದರೆ ಹೀಗೇ ಬರೆಯುತ್ತಾಳೆ ಅನ್ನೋ ಮಾತೂ ಅಲ್ಲಿಗೆ ಬಿದ್ದುಹೋಗುತ್ತದೆ. ನಮಗೆ ಬೇಕಾದದ್ದು ಇಂಥ ಜೋಡಿ. ಪರವಾದ ಒಂದು, ಪ್ರಶ್ನಿಸುವ ಒಂದು, ಎರಡಕ್ಕೂ ಒಂದೇ ಕಾಗದಗಳು.

ಕಾಗದ ಕೊಡದಿದ್ದರೆ ಸಂಶೋಧಕಿ ಏನು ಮಾಡಬೇಕು? ದಾರಿಗಳಿವೆ. ಜಯನಗರದ ನನ್ನ ಪರಿಚಯದವರು ಮೊದಲು ಹೋದದ್ದು ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಿಗೆ. ಅದೇ ಆಶ್ರಮದ ಚರಿತ್ರೆಯ ಹಳೆಯ ಮುದ್ರಣ ಹುಡುಕಲು. ಇದು ಬಹಳ ಜಾಣ ಕೆಲಸ. ಸ್ಥಾಪಕರು ಬದುಕಿದ್ದಾಗ ಅಚ್ಚಾದ ಪುಸ್ತಕದಲ್ಲಿ ಜಗಳವಾಡಿ ಹೋದ ಶಿಷ್ಯರ ಹೆಸರು, ಜಾಗ ಕೊಟ್ಟ ದಾನಿಯ ಹೆಸರು, ಗುಂಪು ಫೋಟೋದಲ್ಲಿ ನಿಂತ ಹೆಂಗಸರು ಎಲ್ಲ ಇರುತ್ತಾರೆ. ಮುಂದಿನ ಮುದ್ರಣಗಳಲ್ಲಿ ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಅವರಿಗೆ ಸಿಕ್ಕ ಹಳೆಯ ಪ್ರತಿಯಲ್ಲಿ ಆ ಪೂರ್ವಾಶ್ರಮದ ಹೆಂಡತಿಗೆ ಹೆಸರಿತ್ತು, ಅರ್ಧ ಪುಟದ ಜಾಗವೂ ಇತ್ತು. ಗಂಡ ಮನೆ ಬಿಟ್ಟ ಮೇಲೆ ತವರಿನಲ್ಲಿ ಹೊಲಿಗೆ ಹಾಕಿ ಬದುಕಿದರು ಅಂತ ಒಂದು ವಾಕ್ಯ ಇತ್ತು.

ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿ. 1908ರ ನೋಂದಣಿ ಕಾಯ್ದೆಯ ಕಲಂ 57 ಓದಿಕೊಳ್ಳಿ, ಇದು ಜೀವನಚರಿತ್ರೆ ಬರೆಯುವವರ ದೊಡ್ಡ ಗೆಳೆಯ. ಜಮೀನು, ಕಟ್ಟಡಕ್ಕೆ ಸಂಬಂಧಿಸಿದ ಪತ್ರಗಳು ಇರುವ ಒಂದನೇ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು. ಆಶ್ರಮದ ಜಾಗ ಯಾರಿಂದ, ಯಾವಾಗ, ಎಷ್ಟಕ್ಕೆ ಬಂತು ಅಂತ ಅಲ್ಲಿ ಇರುತ್ತದೆ. ನೋಂದಾಯಿಸಿದ ಉಯಿಲುಗಳು ಮೂರನೇ ಪುಸ್ತಕದಲ್ಲಿರುತ್ತವೆ. ಬರೆದವರು ಬದುಕಿರುವವರೆಗೆ ಬೇರೆಯವರಿಗೆ ನಕಲು ಕೊಡುವುದಿಲ್ಲ, ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬೇಕು. ಸ್ಥಾಪಕರ ಉಯಿಲು ಅಂದರೆ ಉತ್ತರಾಧಿಕಾರದ ಜಗಳದ ಅರ್ಧ ಕಥೆ, ಅಲ್ವಾ? ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರ್ ಮಾತ್ರ ಈಗ ಕಷ್ಟ. 2023ರ ದತ್ತಾಂಶ ರಕ್ಷಣೆ ಕಾಯ್ದೆ ಮಾಹಿತಿ ಹಕ್ಕಿನ ಕಲಂ 8(1)(ಜೆ) ಅನ್ನು ಬದಲಿಸಿದೆ. ವೈಯಕ್ತಿಕ ಮಾಹಿತಿ ಅಂತ ಹೇಳಿ ಅರ್ಜಿ ತಳ್ಳಿಹಾಕುವುದು ಅಧಿಕಾರಿಗಳಿಗೆ ಮೊದಲಿಗಿಂತ ಸುಲಭ ಆಗಿದೆ. ಕಲಂ 8(2)ರ ಸಾರ್ವಜನಿಕ ಹಿತದ ವಾದ ಇನ್ನೂ ಉಳಿದಿದೆ, ಅದನ್ನು ಹಿಡಿದು ಮೇಲ್ಮನವಿ ಹಾಕಬೇಕು.

ಪತ್ರಗಳು ಸಿಕ್ಕರೂ ಅವನ್ನು ಅಚ್ಚು ಹಾಕುವುದು ಇನ್ನೊಂದು ಗಂಟು. ಕಾಗದ ನಿಮ್ಮ ಕೈಲಿದ್ದರೂ ಅದರ ಹಕ್ಕುಸ್ವಾಮ್ಯ ಬರೆದವರ ವಾರಸುದಾರರದು, ಎಷ್ಟೋ ಸಲ ಅದು ಟ್ರಸ್ಟಿನದೇ. ಸಾರ್ವಜನಿಕರಿಗೆ ತೆರೆದ ಗ್ರಂಥಾಲಯ ಅಥವಾ ಮ್ಯೂಸಿಯಂನಲ್ಲಿರುವ ಅಪ್ರಕಟಿತ ಬರಹವನ್ನು, ಬರೆದವರು ತೀರಿ 60 ವರ್ಷ ಆದ ಮೇಲೆ, ಸಂಶೋಧನೆಗೆ ಮತ್ತು ಪ್ರಕಟಣೆಗೆ ಬಳಸಲು ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 52 ಅವಕಾಶ ಕೊಡುತ್ತದೆ. 1970ರಲ್ಲಿ ತೀರಿಕೊಂಡ ಗುರುವಿನ ಪತ್ರಕ್ಕೆ 2030ರವರೆಗೆ ಕಾಯಬೇಕು. ಅಲ್ಲಿಯವರೆಗೆ ವಿಮರ್ಶೆಗೆ ಬೇಕಾದಷ್ಟು ಸಾಲುಗಳನ್ನು ಮಾತ್ರ ಎತ್ತಿ ಬರೆಯಬಹುದು. ಪತ್ರಗಳು ಆಶ್ರಮದ ಖಾಸಗಿ ಕಪಾಟಿನಲ್ಲೇ ಉಳಿದರೆ ಈ 60 ವರ್ಷದ ಸೌಲಭ್ಯವೂ ಇಲ್ಲ. ಕಪಾಟು ಗ್ರಂಥಾಲಯ ಆಗಬೇಕು ಅನ್ನೋದಕ್ಕೆ ಇದೊಂದು ಗಟ್ಟಿ ಕಾರಣ.

ಮಠ, ಆಶ್ರಮಗಳಿಗೆ ಇದನ್ನು ಹಗೆತನದಿಂದ ಹೇಳುತ್ತಿಲ್ಲ. ವಚನಗಳು ನಮಗೆ ಉಳಿದದ್ದೇ ಭಕ್ತರ ಮನೆಗಳಿಂದ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿ ಕೇಳಿದರು, ಪೂಜೆಯ ಜಾಗದಲ್ಲಿ ಇಟ್ಟಿದ್ದ ಕಟ್ಟುಗಳನ್ನು ಜನ ಬಿಚ್ಚಿ ಕೊಟ್ಟರು. ಆ ನಂಬಿಕೆಯಿಂದಲೇ 1923ರಲ್ಲಿ ಅವರ ವಚನಶಾಸ್ತ್ರ ಸಾರ ಬಂತು. ಇವತ್ತಿನ ಟ್ರಸ್ಟುಗಳಿಗೆ ಅದಕ್ಕಿಂತ ಜಾಸ್ತಿ ಅನುಕೂಲ ಇದೆ. ಸ್ಕ್ಯಾನರ್ ಇದೆ, ಜಾಗ ಇದೆ, ದುಡ್ಡೂ ಇದೆ. ಎಲ್ಲವನ್ನೂ ಇವತ್ತೇ ತೆರೆಯಿರಿ ಅಂತ ಯಾರೂ ಕೇಳುತ್ತಿಲ್ಲ. ಬದುಕಿರುವವರ ಗುಟ್ಟಿನ ಪತ್ರಗಳಿಗೆ ಗಡುವು ಹಾಕಿ ಮುಚ್ಚಿಡಲಿ. ಆದರೆ ಏನೇನಿದೆ ಅನ್ನೋ ಪಟ್ಟಿಯನ್ನು ಪ್ರಕಟಿಸಲಿ. ಪಟ್ಟಿ ಹೊರಗೆ ಬಂದ ಮೇಲೆ ಕಾಗದ ಸದ್ದಿಲ್ಲದೆ ಕಾಣೆಯಾಗುವುದು ಕಷ್ಟ.

ಬರೆಯುವವರ ಮೇಲೂ ಜವಾಬ್ದಾರಿ ಇದೆ. ಬ್ರೋಡಿಯ ಊಹೆಗಳು ಕೆಟ್ಟದ್ದು ಹೇಳಬೇಕೆಂಬ ಆಸೆಯಿಂದ ಬಂದವಲ್ಲ, ಆದರೂ ಆ ಹೆಂಗಸರ ಮೊಮ್ಮಕ್ಕಳಿಗೆ ಅವು ಬಿಸಿ ಮುಟ್ಟಿಸಿದವು. ಸಾಕ್ಷಿ ಇರುವ ಸಂಗತಿ ಯಾವುದು, ಒಬ್ಬರೇ ಹೇಳಿದ್ದು ಯಾವುದು, ನನ್ನ ಅಂದಾಜು ಯಾವುದು ಅಂತ ಪುಟದ ಮೇಲೇ ಬೇರೆ ಬೇರೆಯಾಗಿ ಕಾಣಬೇಕು. ಶಿಷ್ಯೆಯೊಬ್ಬರು ನೋವು ಹೇಳಿಕೊಂಡರೆ ಅದನ್ನು ಅಚ್ಚು ಹಾಕುವ ಮೊದಲು ಓದಿ ಹೇಳಿ ಅವರ ಒಪ್ಪಿಗೆ ಪಡೆಯಬೇಕು. ಎಫ್‌ಐಆರ್ ಬಂದರೆ ಮೊದಲು ಸಿಕ್ಕಿಬೀಳುವುದು ಅವರು.

ಇದರಲ್ಲಿ ತಡ ಮಾಡಲಾಗದ ಒಂದೇ ಕೆಲಸ ಇದೆ. 1960, 70ರ ದಶಕದಲ್ಲಿ ಬೆಂಗಳೂರಿನ ಸುತ್ತ ಶುರುವಾದ ಆಶ್ರಮಗಳಲ್ಲಿ ಅಡುಗೆ ಮಾಡಿದ, ಪ್ರವಚನವನ್ನು ಬರೆದುಕೊಂಡ, ಗುರುಗಳ ಪತ್ರಗಳಿಗೆ ಉತ್ತರ ಬರೆದ ಹೆಂಗಸರಿಗೆ ಈಗ ಎಂಬತ್ತರ ಮೇಲೆ ವಯಸ್ಸು. ಅವರಲ್ಲಿ ಹೆಚ್ಚಿನವರು ಗಂಡಸು ಸಂಶೋಧಕನ ಮುಂದೆ ಮಾತಾಡುವುದಿಲ್ಲ. ನನ್ನ ಪರಿಚಯದವರಿಗೆ ಸಿಕ್ಕ ಒಬ್ಬ ಅಜ್ಜಿ ಮಾತು ಶುರು ಮಾಡಿದ್ದು ಒಲೆ ಆರಿಸಿ, ಮಗನನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿದ ಮೇಲೆ. ಈ ಕೆಲಸಕ್ಕೆ ಆಶ್ರಮದ ಅನುಮತಿ ಬೇಕಿಲ್ಲ. ಬೆಂಗಳೂರಿನ ವಿಶ್ವವಿದ್ಯಾಲಯಗಳ ಕನ್ನಡ, ಇತಿಹಾಸ, ಮಹಿಳಾ ಅಧ್ಯಯನ ವಿಭಾಗಗಳು ಇಬ್ಬರು ಮೂವರು ಸಂಶೋಧಕಿಯರನ್ನು ನೇಮಿಸಿ ಈ ವರ್ಷವೇ ಶುರು ಮಾಡಬಹುದು. ರೆಕಾರ್ಡಿಂಗನ್ನು ಯಾವಾಗ ತೆರೆಯಬೇಕು ಅಂತ ಹೇಳಿದವರೇ ಬರೆದುಕೊಡಲಿ, ಹತ್ತು ವರ್ಷವೋ, ಇಪ್ಪತ್ತೈದು ವರ್ಷವೋ.